ಪರದೆಯಲ್ಲಿ ಒಂಬತ್ತು, ಕಾಗದದಲ್ಲಿ ಎಂಟು: ಬ್ಯಾಡಗಿ ದಲಾಲಿ ಅಂಗಡಿಯ ಬೈಂಡಿಂಗ್ ರಿಪೇರಿ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಸೀಸನ್ನಿನಲ್ಲಿ ಆ ಎರಡು ದಿನ ನಮ್ಮ ಕಾಕಾನ ದಲಾಲಿ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಾಗಿಲ ತನಕ ಚೀಲ. ಘಾಟು ಎಷ್ಟಿರುತ್ತದೆ ಅಂದರೆ ಹೊಸಬರಿಗೆ ಒಳಗೆ ಬಂದ ಕೂಡಲೇ ಸೀನು ಶುರುವಾಗುತ್ತದೆ. ಆ ಅಂಗಡಿಯ ತೂಕ, ಲೆಕ್ಕ, ಪಟ್ಟಿಗೆ (ರೈತರ ಕೈಗೆ ಕೊಡುವ ಬಿಲ್ಲಿಗೆ) ಹೋದ ವರ್ಷ ನಾನೇ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಸಿ ಶಾರ್ಪ್ ಭಾಷೆ, ಪರದೆ ಕಟ್ಟಿದ್ದು ಮೈಕ್ರೋಸಾಫ್ಟಿನ ಡಬ್ಲ್ಯುಪಿಎಫ್ ಅನ್ನುವ ಸಲಕರಣೆಯಿಂದ. ಅಂಗಡಿಯ ಕಂಪ್ಯೂಟರ್ ವಿಂಡೋಸ್ 7ರದ್ದು, ಅದಕ್ಕೇ ಪ್ರೋಗ್ರಾಮ್ ಓಡಿಸುವ ತಳಹದಿಯಾಗಿ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ಕ್ಕೆ ನಿಂತೆ. ಅದರ ಮುಂದಿನ 4.8.1 ವಿಂಡೋಸ್ 7ರಲ್ಲಿ ಕೂರುವುದಿಲ್ಲ.

ಎಲ್ಲ ಸರಿಯಾಗಿ ನಡೆದಿತ್ತು. ಈ ಸೋಮವಾರ ಸಂಜೆ ಕುಂದಗೋಳ ಕಡೆಯ ಒಬ್ಬ ಹಿರಿಯ ರೈತರು ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಕೌಂಟರಿನ ಒಳಗೇ ಬಂದರು. ಅವರದು ಹದಿನಾಲ್ಕು ಚೀಲ ಕಡ್ಡಿ ಮೆಣಸಿನಕಾಯಿ. ಒಂಬತ್ತನೇ ಚೀಲದ ತೂಕವನ್ನು ನಮ್ಮ ಹೊಸ ಗುಮಾಸ್ತ ಹುಡುಗ ಮೊದಲು 38.40 ಅಂತ ಹೊಡೆದಿದ್ದ. ರೈತರು ಪಕ್ಕದಲ್ಲೇ ನಿಂತು ನೋಡಿ, ತಪ್ಪು ಅಂದಿದ್ದರು. ಅವನು ಅವರ ಎದುರಿಗೇ 39.40 ಅಂತ ತಿದ್ದಿ ಪಟ್ಟಿ ತೆಗೆದುಕೊಟ್ಟಿದ್ದ. ಕಾಗದದಲ್ಲಿ ಮಾತ್ರ 38.40 ಬಂದಿತ್ತು.

"ತಮ್ಮಾ, ಕಂಪ್ಯೂಟರಿನ್ಯಾಗ ಒಂಬತ್ತು ಐತಿ, ಕಾಗದದಾಗ ಎಂಟು ಐತಿ. ಯಾವ್ದು ಖರೆ?" ಅಂತ ಕೇಳಿದರು.

ದರ ಕ್ವಿಂಟಲಿಗೆ 18,000. ಒಂದು ಕಿಲೋ ಅಂದರೆ 180 ರೂಪಾಯಿ. ಪಟ್ಟಿಯಲ್ಲಿ ಒಟ್ಟು 99,468 ಇತ್ತು, ಬರಬೇಕಾದ್ದು 99,648. ಎರಡನ್ನೂ ಒಮ್ಮೆ ಓದಿ ನೋಡಿ, ಅದೇ ಅಂಕಿಗಳು, ಜಾಗ ಮಾತ್ರ ಅದಲುಬದಲು. ಅವರು ಹದಿನಾಲ್ಕೂ ಸಾಲು ಓದದೇ ಹೋಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಾಕಾ ಕೂಡಲೇ ಪೆನ್ನಿನಿಂದ ತಿದ್ದಿ, ಸಹಿ ಹಾಕಿ, ದುಡ್ಡು ಕೊಟ್ಟು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಗುರುವಾರದೊಳಗ ಇದು ಸರಿ ಆಗಬೇಕಪಾ, ಇಲ್ಲಂದ್ರ ನಾ ವಹಿಗೇ ವಾಪಸ್ ಹೋಗ್ತೀನಿ" ಅಂದರು. ಅದು ನ್ಯಾಯವಾದ ಮಾತು. ಪರದೆ ನೋಡಿ ನಂಬಿದ ಮನುಷ್ಯನಿಗೆ ಪರದೆಯೇ ಬೇರೆ, ಲೆಕ್ಕವೇ ಬೇರೆ ಆಗಕೂಡದು.

ಸೋಮವಾರ ರಾತ್ರಿ

ಮೊದಲು ತಪ್ಪನ್ನು ನನ್ನ ಕೈಯಲ್ಲೇ ಮತ್ತೆ ಮಾಡಿಸಿ ನೋಡಬೇಕಿತ್ತು. ಒಂದು ಹುಸಿ ಲಾಟ್ (ಒಬ್ಬ ರೈತನ ಚೀಲಗಳ ಒಂದು ಗುಂಪು) ಮಾಡಿದೆ. ತೂಕದ ಬಾಕ್ಸಿನಲ್ಲಿ 38.40 ತಿದ್ದಿ 39.40 ಮಾಡಿ, ಟ್ಯಾಬ್ ಒತ್ತಿ, ಪಟ್ಟಿ ತೆಗೆದೆ. ಸರಿ ಬಂತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಸರಿ. ಹಂಗಾದರೆ ಹುಡುಗ ಏನು ಬೇರೆ ಮಾಡಿದ? ಫೋನ್ ಮಾಡಿ ಕೇಳಿದೆ. "ಅಣ್ಣಾರ, ನಾ ಟ್ಯಾಬ್ ಒತ್ತಂಗಿಲ್ರಿ, ಸೀದಾ ಮೌಸಿಲೆ ಪ್ರಿಂಟ್ ಒತ್ತತೀನ್ರಿ" ಅಂದ. ಟ್ಯಾಬ್ ಒತ್ತದೆ, ಮೇಲಿನ ಟೂಲ್‌ಬಾರಿನ ಪ್ರಿಂಟ್ ಬಟನ್ ಒತ್ತಿದೆ. ಕಾಗದದಲ್ಲಿ 38.40.

ಇಲ್ಲಿ ಬೈಂಡಿಂಗ್ ಅಂದರೇನು ಅಂತ ಸ್ವಲ್ಪ ಹೇಳಬೇಕು. ಪರದೆಯ ಮೇಲಿನ ಬಾಕ್ಸ್ ಒಂದು ಕಡೆ. ಮೆಮೊರಿಯಲ್ಲಿರುವ ಚೀಲದ ದಾಖಲೆ ಇನ್ನೊಂದು ಕಡೆ. ಎರಡರ ನಡುವೆ ನಾವು ಒಂದು ಗಂಟು ಹಾಕುತ್ತೇವೆ: ಈ ಬಾಕ್ಸಿನಲ್ಲಿ ಕಾಣುವುದು ಆ ದಾಖಲೆಯ ತೂಕ. ಒಮ್ಮೆ ಹೇಳಿಬಿಟ್ಟರೆ ಮುಂದೆ ಬಾಕ್ಸಿನಿಂದ ತೆಗೆದು ದಾಖಲೆಗೆ ಹಾಕು, ದಾಖಲೆಯಿಂದ ತೆಗೆದು ಬಾಕ್ಸಿಗೆ ಹಾಕು ಅಂತ ನೂರು ಸಾಲು ಬರೆಯಬೇಕಾಗಿಲ್ಲ. ಟೆಕ್ಸ್ಟ್‌ಬಾಕ್ಸಿಗೆ ಗಂಟು ಹಾಕಿದರೆ ಅದು ತಾನಾಗಿಯೇ ಎರಡೂ ದಿಕ್ಕಿನದು. ಬಾಕ್ಸಿನಿಂದ ದಾಖಲೆಗೂ ಹೋಗುತ್ತದೆ, ದಾಖಲೆಯಿಂದ ಬಾಕ್ಸಿಗೂ ಬರುತ್ತದೆ.

ಆದರೆ ಯಾವಾಗ ಹೋಗುತ್ತದೆ? ಟೆಕ್ಸ್ಟ್‌ಬಾಕ್ಸಿನ ವಿಷಯದಲ್ಲಿ ಉತ್ತರ: ಅದರಿಂದ ಫೋಕಸ್, ಅಂದರೆ ಒತ್ತಿದ ಕೀ ಯಾವ ಬಾಕ್ಸಿಗೆ ಬೀಳಬೇಕು ಅನ್ನುವ ಗುರುತು, ಬಿಟ್ಟು ಹೋದಾಗ. ನಾವು ಬೇರೆ ಏನೂ ಹೇಳದಿದ್ದರೆ ಅದೇ ನಿಯಮ. ಅಲ್ಲಿಯವರೆಗೆ ನೀವು ಹೊಡೆದದ್ದು ಬಾಕ್ಸಿನಲ್ಲೇ ಇರುತ್ತದೆ, ದಾಖಲೆಗೆ ಗೊತ್ತೇ ಇರುವುದಿಲ್ಲ. ನಮ್ಮ ಕಾಟಾದ (ತೂಕದ ಯಂತ್ರದ) ಹತ್ತಿರ ನಡೆಯುವುದೂ ಹೀಗೇ ಅಲ್ವಾ? ತೂಕದವನು ಅಂಕಿ ನೋಡುತ್ತಾನೆ, ಆಮೇಲೆ ಕೂಗುತ್ತಾನೆ, ಗುಮಾಸ್ತ ಕೇಳಿ ಬರೆಯುತ್ತಾನೆ. ಕೂಗದೆ ಇದ್ದರೆ ಅವನು ಕಂಡದ್ದು ಅವನ ಕಣ್ಣಲ್ಲೇ ಉಳಿಯಿತು.

ಹಾಗಾದರೆ ಪ್ರಿಂಟ್ ಬಟನ್ ಒತ್ತಿದಾಗ ಫೋಕಸ್ ಬಿಟ್ಟು ಹೋಗಬೇಕಲ್ಲ? ಮಾಮೂಲಿ ಬಟನ್ ಆಗಿದ್ದರೆ ಹೋಗುತ್ತಿತ್ತು. ಪರೀಕ್ಷೆಗೆ ಅದೇ ಬಟನ್ನನ್ನು ಟೂಲ್‌ಬಾರಿನಿಂದ ಕೆಳಗಿಳಿಸಿ ಸುಮ್ನೆ ಪ್ರೋಗ್ರಾಮಿನ ಕಿಟಕಿಯಲ್ಲಿ (ವಿಂಡೋದಲ್ಲಿ) ಇಟ್ಟೆ. ಸರಿಯಾಗಿ 39.40 ಬಂತು. ಮತ್ತೆ ಟೂಲ್‌ಬಾರಿಗೆ ಏರಿಸಿದೆ. 38.40. ಕಾರಣ ಇದು: ಡಬ್ಲ್ಯುಪಿಎಫ್‌ನಲ್ಲಿ ಟೂಲ್‌ಬಾರ್ ಮತ್ತು ಮೆನು ತಮ್ಮದೇ ಬೇರೆ ಫೋಕಸ್ ಸೀಮೆ ಇಟ್ಟುಕೊಂಡಿರುತ್ತವೆ. ಅಲ್ಲಿ ಕ್ಲಿಕ್ ಮಾಡಿದರೂ ಕಿಟಕಿಯ ಲೆಕ್ಕದಲ್ಲಿ ಫೋಕಸ್ ಇನ್ನೂ ತೂಕದ ಬಾಕ್ಸಿನಲ್ಲೇ ಇರುತ್ತದೆ. ಇದಕ್ಕೆ ಅರ್ಥ ಇದೆ. ಕಟ್, ಪೇಸ್ಟ್ ಬಟನ್ ಒತ್ತಿದಾಗ ಯಾವ ಬಾಕ್ಸಿಗೆ ಪೇಸ್ಟ್ ಮಾಡಬೇಕು ಅಂತ ಗೊತ್ತಿರಬೇಕಲ್ಲ. ಆದರೆ ನನ್ನ ಕೆಲಸಕ್ಕೆ ಅದೇ ಮುಳ್ಳಾಯಿತು. ಎಫ್9 ಶಾರ್ಟ್‌ಕಟ್ಟಿನಲ್ಲೂ ಅದೇ ಕಥೆ, ಅಲ್ಲಿ ಫೋಕಸ್ ಅಲುಗಾಡುವುದೇ ಇಲ್ಲ.

ಹಳೇ ಗುಮಾಸ್ತರು ಪ್ರತಿ ತೂಕಕ್ಕೂ ಟ್ಯಾಬ್ ಒತ್ತುತ್ತಿದ್ದರು. ಅವರ ಕೈ ರೂಢಿ ಇಷ್ಟು ದಿನ ನನ್ನ ತಪ್ಪನ್ನು ಮುಚ್ಚಿತ್ತು.

ರಿಪೇರಿಗೆ ಮೊದಲು ಹೊಳೆದದ್ದು ಸುಲಭದ ದಾರಿ. ಬೈಂಡಿಂಗಿನಲ್ಲಿ ಅಪ್‌ಡೇಟ್ ಸೋರ್ಸ್ ಟ್ರಿಗರ್ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಪ್ರಾಪರ್ಟಿ ಚೇಂಜ್ಡ್ ಅಂತ ಮಾಡಿದರೆ ಒಂದೊಂದು ಕೀ ಒತ್ತಿದಾಗಲೂ ದಾಖಲೆಗೆ ಹೋಗುತ್ತದೆ. ಮಾಡಿದೆ. 39.40 ಅಂತ ಹೊಡೆದೆ. ಬಾಕ್ಸಿನಲ್ಲಿ 3940 ಅಂತ ಬಂತು.

ಮತ್ತೆ ಹೊಡೆದೆ. ಮತ್ತೆ 3940. ಚುಕ್ಕೆ ಬೀಳುತ್ತಲೇ ಇಲ್ಲ. ನಿಧಾನವಾಗಿ ಒಂದೊಂದೇ ಕೀ ಒತ್ತಿ ನೋಡಿದಾಗ ತಿಳಿಯಿತು. "39." ಅಂತ ಹೊಡೆದ ಕ್ಷಣ ಅದು ದಾಖಲೆಗೆ 39 ಆಗಿ ಹೋಗುತ್ತದೆ. ದಾಖಲೆ ತನ್ನಲ್ಲಿರುವ 39ನ್ನು ಬಾಕ್ಸಿಗೆ ವಾಪಸ್ ಬರೆಯುತ್ತದೆ. ಚುಕ್ಕೆ ಹೋಯಿತು. ಆಮೇಲೆ 4, ಆಮೇಲೆ 0. ಡಾಟ್‌ನೆಟ್ 4.5ರಿಂದ ಈಚೆಗೆ ಹೀಗಾಗಿದೆ. ಇದನ್ನು ಬಂದ್ ಮಾಡಲು ಒಂದು ಸ್ವಿಚ್ ಇದೆ, ಹೆಸರು ರೈಲಿನಷ್ಟು ಉದ್ದ: ಕೀಪ್ ಟೆಕ್ಸ್ಟ್‌ಬಾಕ್ಸ್ ಡಿಸ್‌ಪ್ಲೇ ಸಿಂಕ್ರನೈಸ್ಡ್ ವಿತ್ ಟೆಕ್ಸ್ಟ್ ಪ್ರಾಪರ್ಟಿ. ಪ್ರೋಗ್ರಾಮ್ ಶುರುವಾಗುವಾಗಲೇ ಅದನ್ನು ಫಾಲ್ಸ್ ಮಾಡಬೇಕು. ಮಾಡಿದರೆ ಚುಕ್ಕೆ ನಿಲ್ಲುತ್ತದೆ.

ಆದರೂ ಈ ದಾರಿ ನನಗೆ ಒಪ್ಪಲಿಲ್ಲ. 39.40 ಹೊಡೆಯುವ ನಡುವೆ ದಾಖಲೆಯಲ್ಲಿ ಒಂದು ಕ್ಷಣ 3 ಕಿಲೋ, ಇನ್ನೊಂದು ಕ್ಷಣ 39 ಕಿಲೋ ಇರುತ್ತದೆ. ಕೆಳಗೆ ಒಟ್ಟು ಮೊತ್ತವೂ ಅದಕ್ಕೆ ತಕ್ಕಂತೆ ಏರುತ್ತಾ ಇಳಿಯುತ್ತಾ ಕುಣಿಯಬೇಕಾಗುತ್ತದೆ. ಪಕ್ಕದಲ್ಲಿ ರೈತ ನಿಂತು ಅದನ್ನೇ ನೋಡುತ್ತಿರುತ್ತಾನೆ. ಅರ್ಧ ಹೊಡೆದ ತೂಕ ತೂಕವೇ ಅಲ್ಲ. ಹುಡುಕುವ ಬಾಕ್ಸಿಗೆ ಕೀ ಕೀಗೂ ಹೋಗುವುದು ಚೆಂದ, ಹೆಸರಿನ ಮೊದಲೆರಡು ಅಕ್ಷರಕ್ಕೇ ರೈತರ ಪಟ್ಟಿ ಸೋಸಿ ಬರುತ್ತದೆ. ತೂಕಕ್ಕೆ, ದುಡ್ಡಿಗೆ ಬೇಡ.

ಆದ್ದರಿಂದ ಹಳೇ ನಿಯಮವನ್ನೇ ಇಟ್ಟುಕೊಂಡೆ. ಪ್ರಿಂಟ್ ಮತ್ತು ಸೇವ್ ಶುರುವಾಗುವ ಮೊದಲ ಸಾಲಿನಲ್ಲಿ ಒಂದು ಕೆಲಸ ಸೇರಿಸಿದೆ. ಈಗ ಫೋಕಸ್ ಇರುವ ಬಾಕ್ಸ್ ಯಾವುದು ಅಂತ ಕೇಳು. ಅದರ ಬೈಂಡಿಂಗ್ ಎಕ್ಸ್‌ಪ್ರೆಶನ್ ತೆಗೆದುಕೋ, ಅಂದರೆ ಆ ಗಂಟನ್ನು. ಅಪ್‌ಡೇಟ್ ಸೋರ್ಸ್ ಅನ್ನು, ಅಂದರೆ ಬಾಕ್ಸಿನಲ್ಲಿರುವುದನ್ನು ದಾಖಲೆಗೆ ಕಳಿಸುವ ಆಜ್ಞೆಯನ್ನು, ನೀನೇ ಕರೆ. ಇಲ್ಲಿ ಒಂದು ಎಚ್ಚರ ಬೇಕು. ಕೀಬೋರ್ಡ್ ಫೋಕಸ್ ಎಲ್ಲಿದೆ ಅಂತ ಕೇಳಿದರೆ ಅದು ಟೂಲ್‌ಬಾರಿನ ಬಟನ್ನೇ ಅಂತ ಉತ್ತರ ಬರಬಹುದು. ಕೇಳಬೇಕಾದದ್ದು ಫೋಕಸ್ ಮ್ಯಾನೇಜರನ್ನು, ಈ ಕಿಟಕಿಯ ಮಟ್ಟಿಗೆ ಫೋಕಸ್ ಯಾರದು ಅಂತ. ಆಗ ತೂಕದ ಬಾಕ್ಸೇ ಸಿಗುತ್ತದೆ.

ಇದರ ಹಿಂದೆಯೇ ಇನ್ನೊಂದು ಸಾಲು. ಯಾರಾದರೂ ಸೊನ್ನೆಯ ಬದಲು ಓ ಅಕ್ಷರ ಹೊಡೆದರೆ ಅದು ಅಂಕಿಯಾಗುವುದಿಲ್ಲ. ಬಾಕ್ಸಿನ ಸುತ್ತ ಕೆಂಪು ಗೆರೆ ಬರುತ್ತದೆ, ದಾಖಲೆಯಲ್ಲಿ ಮಾತ್ರ ಹಳೇ ತೂಕವೇ ಉಳಿದಿರುತ್ತದೆ. ಮತ್ತೆ ಅದೇ ಪರದೆ ಬೇರೆ, ಲೆಕ್ಕ ಬೇರೆ. ಅಂಥ ಒಂದು ಕೆಂಪು ಬಾಕ್ಸ್ ಇದ್ದರೂ ಈಗ ಪಟ್ಟಿ ಬರುವುದಿಲ್ಲ. ಕರ್ಸರ್ ಅಲ್ಲಿಗೇ ಹೋಗಿ ನಿಲ್ಲುತ್ತದೆ, "ಈ ತೂಕ ಸರಿ ಮಾಡಿ" ಅಂತ ಸಂದೇಶ ಬರುತ್ತದೆ.

ಮಂಗಳವಾರ

ಬೆಳಗ್ಗೆ ಮತ್ತೆ ಪರೀಕ್ಷೆ ಮಾಡುವಾಗ ಇನ್ನೊಂದು ಹುಳುಕು ಕಂಡಿತು. ಒಂಬತ್ತನೇ ಚೀಲ ತಿದ್ದಿ ಟ್ಯಾಬ್ ಒತ್ತಿದೆ. ಸಾಲಿನಲ್ಲಿ 39.40 ಬಂತು, ಕೆಳಗಿನ ಒಟ್ಟು ಮೊತ್ತ ಅಲ್ಲಾಡಲಿಲ್ಲ. ಕಾಗದದಲ್ಲಿ ಒಟ್ಟು ಸರಿ ಇತ್ತು, ಯಾಕೆಂದರೆ ಪ್ರಿಂಟ್ ಮಾಡುವಾಗ ಎಲ್ಲ ಸಾಲನ್ನೂ ಹೊಸದಾಗಿ ಕೂಡುತ್ತದೆ. ಪರದೆಯಲ್ಲಿ ಮಾತ್ರ ಹಳೇ ಮೊತ್ತ. ಸೋಮವಾರದ ತಪ್ಪಿನ ಉಲ್ಟಾ ಇದು.

ಚೀಲಗಳ ಸಾಲುಗಳನ್ನು ನಾನು ಅಬ್ಸರ್ವಬಲ್ ಕಲೆಕ್ಷನ್ ಅನ್ನುವ ಸಂಗ್ರಹದ ಒಳಗೆ ಇಟ್ಟಿದ್ದೆ. ಹೊಸ ಚೀಲ ಸೇರಿದರೆ, ಒಂದು ತೆಗೆದರೆ ಅದು ಕೂಗಿ ಹೇಳುತ್ತದೆ. ಒಳಗಿರುವ ಚೀಲದ ತೂಕ ಬದಲಾದರೆ ಅದು ಬಾಯಿ ಬಿಡುವುದಿಲ್ಲ. ಅದು ಚೀಲದ ಕೆಲಸ. ಚೀಲದ ಕ್ಲಾಸ್ (ಚೀಲದ ದಾಖಲೆಯ ನಮೂನೆ) ತನ್ನ ಪ್ರಾಪರ್ಟಿ (ತೂಕ, ದರದಂಥ ಗುಣ) ಬದಲಾದಾಗ ಪ್ರಾಪರ್ಟಿ ಚೇಂಜ್ಡ್ ಅನ್ನುವ ಕೂಗನ್ನು ಕೂಗುತ್ತಿತ್ತು, ಸಾಲಿನ ಬೈಂಡಿಂಗ್ ಕೇಳಿಸಿಕೊಳ್ಳುತ್ತಿತ್ತು. ಒಟ್ಟು ಮೊತ್ತ ಕೂಡುವ ಜಾಗದಲ್ಲಿ ಆ ಕೂಗು ಕೇಳುವವರು ಯಾರೂ ಇರಲಿಲ್ಲ.

ಇನ್ನೊಂದು ಮಾತು. ಕಾಟಾದವನು ಕೂಗುವಾಗ ತೂಕವನ್ನೇ ಕೂಗುತ್ತಾನೆ. ಪ್ರಾಪರ್ಟಿ ಚೇಂಜ್ಡ್ ಹಾಗಲ್ಲ, ಬರೀ ಹೆಸರು ಕೂಗುತ್ತದೆ: "ತೂಕ ಬದಲಾಯಿತು." ಎಷ್ಟು ಅಂತ ಬೈಂಡಿಂಗೇ ಬಂದು ಓದಿಕೊಂಡು ಹೋಗಬೇಕು. ಆದ್ದರಿಂದ ಒಟ್ಟು ಮೊತ್ತಕ್ಕೆ ಬೇರೆ ಜಾಗದಲ್ಲಿ ಕೂಡಿಟ್ಟ ಅಂಕಿ ಬೇಕಾಗಿಲ್ಲ. ಕೇಳಿದಾಗ ಕೂಡಿ ಹೇಳಿದರೆ ಸಾಕು. ಚೀಲ ಸೇರಿದಾಗ ಅದರ ಕೂಗಿಗೆ ಕಿವಿ ಜೋಡಿಸಿದೆ. ಚೀಲ ತೆಗೆದಾಗ ಕಿವಿ ಬಿಡಿಸಿದೆ. ತೂಕವೋ ದರವೋ ಬದಲಾಯಿತು ಅಂತ ಕೇಳಿಸಿದರೆ ಒಟ್ಟು ತೂಕ, ಒಟ್ಟು ಮೊತ್ತ ಎರಡರ ಹೆಸರನ್ನೂ ಕೂಗುತ್ತೇನೆ.

ಎಡವಿದ್ದು ಒಂದೇ ಕಡೆ. ಹೊಸ ಲಾಟ್ ಶುರುವಾದಾಗ ನಾನು ಈ ಸಂಗ್ರಹವನ್ನು ಕ್ಲಿಯರ್ ಮಾಡುತ್ತಿದ್ದೆ. ಆಗ ಬರುವ ಕೂಗು ರಿಸೆಟ್ ಅಂತ ಇರುತ್ತದೆ, ಅದರಲ್ಲಿ ತೆಗೆದ ಚೀಲಗಳ ಪಟ್ಟಿ ಇರುವುದಿಲ್ಲ. ಯಾರ ಕಿವಿ ಬಿಡಿಸಬೇಕು ಅಂತ ಗೊತ್ತಾಗುವುದಿಲ್ಲ. ಹಳೇ ಚೀಲಗಳು ಹಾಗೇ ಜೋತುಬಿದ್ದಿರುತ್ತವೆ. ಈಗ ಕ್ಲಿಯರ್ ಬಿಟ್ಟು ಕೊನೆಯಿಂದ ಒಂದೊಂದೇ ತೆಗೆಯುತ್ತೇನೆ. ದೊಡ್ಡ ಲಾಟ್ ಅಂದರೂ ಚೀಲ ನೂರರ ಒಳಗೇ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಮಧ್ಯಾಹ್ನ ಕಾಕಾ ಬಂದು, ಹೆಂಗೂ ತೆರೆದಿದ್ದೀಯಲ್ಲ, ಲಾಟ್ ನಂಬರನ್ನೂ ಪರದೆ ಮೇಲೆ ದೊಡ್ಡದಾಗಿ ತೋರಿಸು ಅಂದರು. ಎರಡು ನಿಮಿಷದ ಕೆಲಸ ಅಂದುಕೊಂಡೆ. ಮೂರು ತಾಸು ಹಿಡಿಯಿತು. ಈ ಮೂರು ತಾಸಿನ ಕಥೆ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಕನ್ನಡದಂಥ ಲಿಪಿಯಲ್ಲಿ ಕೋಡ್ ಬರೆಯುವವರಿಗೆ ಬರುವ ತೊಂದರೆ ಇದು.

ನನ್ನ ಕ್ಲಾಸುಗಳಲ್ಲಿ ಪ್ರಾಪರ್ಟಿಗಳ ಹೆಸರೆಲ್ಲ ಕನ್ನಡದಲ್ಲೇ ಇವೆ. ಸಿ ಶಾರ್ಪ್ ಅದಕ್ಕೆ ಅವಕಾಶ ಕೊಡುತ್ತದೆ. ಚೀಲದ_ತೂಕ, ನಿವ್ವಳ_ತೂಕ, ದರ, ಮುಂಗಡ, ಲಾರಿ_ಬಾಡಿಗೆ. ಪಟ್ಟಿಯಲ್ಲಿ ಏನಿದೆಯೋ ಅದೇ ಕೋಡಿನಲ್ಲಿ. ನನಗೆ ಇದರಿಂದ ತಪ್ಪು ಕಡಿಮೆಯಾಗಿದೆ. ಕಾಕಾ ಕೂಡ ಹೆಗಲ ಮೇಲಿಂದ ಬಗ್ಗಿ ನೋಡಿ, "ಇಲ್ಲಿ ಮುಂಗಡ ಕಳದಿಲ್ಲಲ್ಲ?" ಅಂತ ಒಮ್ಮೆ ತಪ್ಪು ಹಿಡಿದಿದ್ದಾರೆ. ಆ ಅಭ್ಯಾಸದಲ್ಲೇ ಹೊಸ ಪ್ರಾಪರ್ಟಿಗೆ ಲಾಟ್‌ನಂಬರ್ ಅಂತ ಹೆಸರಿಟ್ಟೆ. ಪರದೆಯ ರೂಪ ಬರೆದಿಡುವ ಕಡತದಲ್ಲೂ ಬೈಂಡಿಂಗಿಗೆ ಲಾಟ್‌ನಂಬರ್ ಅಂತಲೇ ಬರೆದೆ. ಕಂಪೈಲ್ ಆಯಿತು. ಎಚ್ಚರಿಕೆ ಕೂಡ ಬರಲಿಲ್ಲ. ಪರದೆಯಲ್ಲಿ ಲಾಟ್ ನಂಬರಿನ ಜಾಗ ಖಾಲಿ.

ಬೈಂಡಿಂಗ್ ಹೆಸರು ತಪ್ಪಿದರೆ ಪ್ರೋಗ್ರಾಮ್ ಕೆಡುವುದಿಲ್ಲ. ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಕಾರಣ ಗೊತ್ತಾಗಬೇಕಂದರೆ ವಿಷುವಲ್ ಸ್ಟುಡಿಯೋದ ಔಟ್‌ಪುಟ್ ಕಿಟಕಿ ನೋಡಬೇಕು. ಅಲ್ಲಿ ಎರರ್ 40 ಬಂದಿತ್ತು. ಲಾಟ್‌ನಂಬರ್ ಅನ್ನುವ ಪ್ರಾಪರ್ಟಿ ಈ ವಸ್ತುವಿನಲ್ಲಿ ಸಿಗಲಿಲ್ಲ ಅಂತ. ಸಿಗಲಿಲ್ಲ ಅಂದರೇನು? ಕಣ್ಣೆದುರಿಗೇ ಇದೆ! ಮೊದಲು ಪ್ರಾಪರ್ಟಿ ಬದಲು ಬರೀ ಫೀಲ್ಡ್ ಮಾಡಿದ್ದೇನಾ ನೋಡಿದೆ, ಫೀಲ್ಡಿಗೆ ಬೈಂಡಿಂಗ್ ಆಗುವುದಿಲ್ಲ. ಅಲ್ಲ, ಪ್ರಾಪರ್ಟಿಯೇ ಇತ್ತು. ಪಬ್ಲಿಕ್ ಇತ್ತು. ಡೇಟಾ ಕಾಂಟೆಕ್ಸ್ಟ್ (ಬೈಂಡಿಂಗ್ ಯಾವ ದಾಖಲೆಯಲ್ಲಿ ಹುಡುಕಬೇಕು ಅನ್ನುವುದು) ಸರಿ ಇತ್ತು, ಪಕ್ಕದ ದರ ಸರಿಯಾಗಿ ಕಾಣುತ್ತಿತ್ತಲ್ಲ. ಹೆಸರನ್ನು ಒಂದು ಕಡೆಯಿಂದ ಕಾಪಿ ಮಾಡಿ ಇನ್ನೊಂದು ಕಡೆ ಪೇಸ್ಟ್ ಮಾಡಿದೆ. ಈಗ ಅಕ್ಷರವೂ ಬೇರೆ ಆಗಲು ಸಾಧ್ಯವಿಲ್ಲ. ಆದರೂ ಖಾಲಿ.

ಕೊನೆಗೆ ಆ ಕ್ಲಾಸಿನಲ್ಲಿ ನಿಜವಾಗಿ ಯಾವ ಯಾವ ಪ್ರಾಪರ್ಟಿ ಇವೆ ಅಂತ ಪ್ರೋಗ್ರಾಮಿನಿಂದಲೇ ಪಟ್ಟಿ ಮಾಡಿಸಿ ಪರದೆಗೆ ತಂದೆ. ದರ, ಮುಂಗಡ, ನಿವ್ವಳ_ತೂಕ ಎಲ್ಲ ಬಂದವು. ಕೆಳಗೆ ಬಂದದ್ದು "ಲಾಟ್ನಂಬರ್". ಟ ಅಕ್ಷರದ ಕೆಳಗೆ ನ ಒತ್ತು! ನಾನು ಬರೆದದ್ದು ಒತ್ತಿಲ್ಲದ್ದು.

ಆಗ ಹೊಳೆಯಿತು. ಕನ್ನಡದಲ್ಲಿ ಟ್ ಆದಮೇಲೆ ನ ಬಂದರೆ ಅದು ತಾನಾಗಿ ಒತ್ತಕ್ಷರ ಆಗುತ್ತದೆ. ಆಗಬಾರದು ಅಂದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಯುನಿಕೋಡಿನಲ್ಲಿ ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್, ಸಂಖ್ಯೆ 200ಸಿ. ಸಾಫ್ಟ್‌ವೇರ್, ಡಾಟ್‌ನೆಟ್ ಅಂತ ಬರೆಯುವಾಗಲೆಲ್ಲ ಅದು ನಡುವೆ ಕೂತಿರುತ್ತದೆ. ಸಿ ಶಾರ್ಪ್ ಕಂಪೈಲರ್ ಹೆಸರುಗಳೊಳಗಿನ ಇಂಥ ಕಾಣದ ಅಕ್ಷರಗಳನ್ನು ತೆಗೆದುಹಾಕುತ್ತದೆ, ಅದು ಭಾಷೆಯ ನಿಯಮದಲ್ಲೇ ಇದೆ. ಆದ್ದರಿಂದ ಕಂಪೈಲ್ ಆದಮೇಲೆ ಪ್ರಾಪರ್ಟಿಯ ಹೆಸರಿನಲ್ಲಿ ಒಂಬತ್ತು ಅಕ್ಷರ ಸಂಕೇತ ಉಳಿದವು. ಪರದೆಯ ಕಡತದಲ್ಲಿ ಬೈಂಡಿಂಗಿನ ಹೆಸರು ಬರೀ ಪಠ್ಯ. ಅದನ್ನು ಯಾರೂ ಸೋಸುವುದಿಲ್ಲ. ಅಲ್ಲಿ ಹತ್ತು ಹಾಗೇ ಉಳಿದವು. ಪ್ರೋಗ್ರಾಮ್ ಓಡುವಾಗ ಬೈಂಡಿಂಗ್ ಹತ್ತರ ಹೆಸರನ್ನು ಹುಡುಕುತ್ತದೆ, ಇರುವುದು ಒಂಬತ್ತರದ್ದು, ಸಿಗುವುದಿಲ್ಲ. ಎರಡೂ ಕಡೆ ನನ್ನ ಕಣ್ಣಿಗೆ ಒಂದೇ.

ಹೆಸರನ್ನು ಲಾಟ್_ನಂಬರ್ ಅಂತ ಬದಲಿಸಿದೆ. ಅಂಡರ್‌ಸ್ಕೋರ್ ನಡುವೆ ಬಂದರೆ ಒತ್ತಾಗುವ ಪ್ರಶ್ನೆಯೇ ಇಲ್ಲ, ಕಾಣದ ಅಕ್ಷರವೂ ಬೇಡ. ಉಳಿದ ಹೆಸರುಗಳಿಗೆ ಯಾಕೆ ಈ ತೊಂದರೆ ಬಂದಿರಲಿಲ್ಲ ಅಂದರೆ ಅವೆಲ್ಲ ಸ್ವರದಲ್ಲಿ ಮುಗಿಯುವ ನಮ್ಮ ಮಾತುಗಳು. ತೂಕ, ದರ, ಬಾಡಿಗೆ. ಇಂಗ್ಲಿಷಿನಿಂದ ಬಂದ ಅರ್ಧಾಕ್ಷರದ ಪದಗಳಲ್ಲಿ ಮಾತ್ರ ಈ ಅಪಾಯ. ಈಗ ಇಡೀ ಪ್ರಾಜೆಕ್ಟಿನಲ್ಲಿ 200ಸಿ ಹುಡುಕಿ, ಪ್ರಾಪರ್ಟಿ ಹೆಸರುಗಳಲ್ಲಿ ಒಂದೂ ಇಲ್ಲದಂತೆ ಮಾಡಿದ್ದೇನೆ. ಜೊತೆಗೆ ಪರೀಕ್ಷೆಯ ಓಟದಲ್ಲಿ ಬೈಂಡಿಂಗ್ ಎರರ್ ಒಂದು ಬಂದರೂ ಪ್ರೋಗ್ರಾಮ್ ನಿಂತುಬಿಡುವಂತೆ ಟ್ರೇಸ್ ಲಿಸನರ್ ಹಾಕಿದ್ದೇನೆ. ಇದನ್ನು ಮೊದಲ ದಿನವೇ ಹಾಕಬೇಕಿತ್ತು. ಖಾಲಿ ಜಾಗ ತೋರಿಸಿ ಸುಮ್ಮನಿರುವುದಕ್ಕಿಂತ ನಿಂತು ಹೇಳುವುದು ಎಷ್ಟೋ ಒಳ್ಳೆಯದು.

ಬುಧವಾರ

ದೊಡ್ಡ ಲಾಟಿನ ಲೆಕ್ಕ ಹಾಕಿ ನೋಡಿದೆ. ನಲವತ್ತೆರಡು ಚೀಲ, 1,660.50 ಕಿಲೋ, ಅದೇ ದರ. ಕಾಗದದಲ್ಲಿ 2,98,890 ಅಂತ ಬಂತು. ಪರದೆಯಲ್ಲಿ 298,890. ಅಂಕಿ ಒಂದೇ, ಅಲ್ಪವಿರಾಮದ ಜಾಗ ಬೇರೆ. ಕಾಕಾಗೆ ತೋರಿಸಿದೆ. "ಇದು ಎರಡು ಲಕ್ಷ ಅಂತ ಓದಾಕ ನನಗ ಒಂದು ಗಳಿಗಿ ಬೇಕಾಗ್ತದ. ರೈತಗ ಇನ್ನೂ ಜಾಸ್ತಿ" ಅಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, ಕಂಪ್ಯೂಟರ್ ಅಂದರೆ ಹಾಗೇ ಅಂದುಕೊಂಡಿದ್ದರಂತೆ. 99,999ರ ತನಕ ಎರಡೂ ಪದ್ಧತಿಯಲ್ಲಿ ಬರಹ ಒಂದೇ. ಲಕ್ಷ ದಾಟಿದಾಗ ಮಾತ್ರ ಬೇರೆಯಾಗುತ್ತದೆ. ಸಣ್ಣ ರೈತರ ಪಟ್ಟಿಗಳಲ್ಲಿ ಇದು ಕಾಣುತ್ತಿರಲಿಲ್ಲ.

ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಕನ್ನಡ, ಭಾರತ ಅಂತಲೇ ಇತ್ತು. ಪ್ರಿಂಟಿನ ಕೋಡ್ ಅದನ್ನು ನೋಡುತ್ತದೆ. ಬೈಂಡಿಂಗ್ ನೋಡುವುದಿಲ್ಲ. ಬೈಂಡಿಂಗಿನಲ್ಲಿ ಸ್ಟ್ರಿಂಗ್ ಫಾರ್ಮ್ಯಾಟ್ (ಅಂಕಿ ಹೇಗೆ ಕಾಣಬೇಕು ಅನ್ನುವ ನಮೂನೆ) ಕೊಟ್ಟರೆ ಅದು ಆ ಕಂಟ್ರೋಲಿನ ಲ್ಯಾಂಗ್ವೇಜ್ ಗುಣವನ್ನು ಕೇಳುತ್ತದೆ. ನಾವು ಏನೂ ಹೇಳದಿದ್ದರೆ ಆ ಗುಣ ಅಮೆರಿಕದ ಇಂಗ್ಲಿಷ್. ಮದ್ದು ಒಂದೇ ಸಾಲು: ಮೊದಲ ಕಿಟಕಿ ತೆರೆಯುವ ಮೊದಲೇ, ಎಲ್ಲ ಫ್ರೇಮ್‌ವರ್ಕ್ ಎಲಿಮೆಂಟುಗಳ ಲ್ಯಾಂಗ್ವೇಜ್ ಮೆಟಾಡೇಟಾವನ್ನು ಈಗಿನ ಕಲ್ಚರಿಗೆ, ಅಂದರೆ ಆ ಪ್ರಾದೇಶಿಕ ಸೆಟ್ಟಿಂಗಿಗೆ, ಬದಲಿಸುವುದು. ಬದಲಿಸಿದ ಕೂಡಲೇ ಪರದೆಯಲ್ಲೂ 2,98,890 ಬಂತು. ಕಾಕಾ ಕುರ್ಚಿ ಎಳೆದುಕೊಂಡು ಹಳೇ ಲಾಟುಗಳನ್ನೆಲ್ಲ ಒಂದೊಂದೇ ತೆರೆಸಿ ನೋಡಿದರು.

ಕಾಟಾದ ಕೆಲಸ ಬೇಗ ಮುಗಿಯಿತು. ತೂಕವನ್ನು ಕೈಯಿಂದ ಹೊಡೆಯುವುದೇ ತಪ್ಪಿಗೆ ಮೂಲ, ಯಂತ್ರದಿಂದ ಸೀದಾ ತೆಗೆದುಕೊಳ್ಳೋಣ ಅಂತ ಹಿಂದೆಯೇ ಮಾತಾಗಿತ್ತು. ಎಲೆಕ್ಟ್ರಾನಿಕ್ ಕಾಟಾದ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ. ಮೆಣಸಿನಕಾಯಿ ಪುಡಿ ತುಂಬಿ ಕೆಂಪಾಗಿತ್ತು, ಒಣ ಬ್ರಷ್ಷಿನಿಂದ ಸ್ವಚ್ಛ ಮಾಡಿ ಯುಎಸ್‌ಬಿ ಪರಿವರ್ತಕ ಹಾಕಿದೆ. 9600 ವೇಗದಲ್ಲಿ ಸಾಲುಗಳು ಬರತೊಡಗಿದವು. ಬಂದಷ್ಟನ್ನೇ ಓದಿದರೆ "03" ಒಂದು ಸಲ, "9.40" ಇನ್ನೊಂದು ಸಲ ಸಿಗುತ್ತದೆ, ಸಾಲು ಮುಗಿಯುವ ತನಕ ಕಾಯಬೇಕು. ಡೇಟಾ ರಿಸೀವ್ಡ್ ಕೂಗು ಬೇರೆ ಥ್ರೆಡ್ಡಿನಲ್ಲಿ, ಅಂದರೆ ಪರದೆಯ ಕೆಲಸದ ಪಕ್ಕದಲ್ಲೇ ಓಡುವ ಇನ್ನೊಂದು ಎಳೆಯಲ್ಲಿ, ಬರುತ್ತದೆ. ಅಲ್ಲಿಂದ ಈಗಿನ_ತೂಕ ಅನ್ನುವ ಒಂದು ಪ್ರಾಪರ್ಟಿ ಬದಲಿಸಿದರೆ ಡಬ್ಲ್ಯುಪಿಎಫ್ ತಾನೇ ಅದನ್ನು ಪರದೆಯ ಥ್ರೆಡ್ಡಿಗೆ ದಾಟಿಸುತ್ತದೆ, ತಕರಾರಿಲ್ಲ. ಅಲ್ಲಿಂದಲೇ ಚೀಲಗಳ ಕಲೆಕ್ಷನ್ನಿಗೆ ಹೊಸ ಸಾಲು ಸೇರಿಸಲು ಹೋದರೆ ಎಕ್ಸೆಪ್ಷನ್ ಬರುತ್ತದೆ. ಸೇರಿಸುವ ಕೆಲಸವನ್ನು, ಪರದೆಯ ಥ್ರೆಡ್ಡಿಗೆ ಕೆಲಸ ದಾಟಿಸುವ ಡಿಸ್ಪ್ಯಾಚರಿಗೆ ಕೊಟ್ಟೆ. ತೂಕ ನಿಂತಮೇಲೆ ಗುಮಾಸ್ತ ಎಂಟರ್ ಒತ್ತಬೇಕು, ತಾನಾಗಿ ಸೇರುವುದಿಲ್ಲ. ಅದು ಬೇಕಂತಲೇ ಮಾಡಿದ್ದು. ಚೀಲ ಹೊತ್ತ ಹಮಾಲರ ಕೈ ಇನ್ನೂ ಕಾಟಾದ ಮೇಲೆ ಇರಬಹುದು.

ಬುಧವಾರ ರಾತ್ರಿ, ಹಳೇ ಚೀಟಿಗಳು

ಕೋಡ್ ಸರಿಯಾಯಿತು. ಹಿಂದೆ ಹೋದ ಪಟ್ಟಿಗಳ ಗತಿ ಏನು? ಹೊಸ ಹುಡುಗ ಬಂದು ಏಳು ವಾರ ಆಗಿತ್ತು. ಕಾಟಾದ ಹತ್ತಿರ ತೂಕದವನು ಪೆನ್ಸಿಲಿನಿಂದ ಬರೆಯುವ ಚೀಟಿಗಳನ್ನು ಕಾಕಾ ಇಂದಿಗೂ ತಂತಿಗೆ ಚುಚ್ಚಿ ಇಡುತ್ತಾರೆ. ಕಂಪ್ಯೂಟರ್ ಬಂದಮೇಲೆ ಇದ್ಯಾಕೆ ಅಂತ ನಾನೇ ಹಿಂದೆ ಕೇಳಿದ್ದೆ. ಆ ತಂತಿಯನ್ನು ಇಳಿಸಿ ನೆಲದ ಮೇಲೆ ಹರಡಿಕೊಂಡು ಕೂತೆವು. ಕಾಕಾ ಚೀಟಿ ಓದುವುದು, ನಾನು ಪರದೆ ನೋಡುವುದು. ಒಂಬತ್ತು ಗಂಟೆಗೆ ಶುರು ಮಾಡಿ ಒಂದೂವರೆಗೆ ಮುಗಿಸಿದೆವು. ಕಾಕೂ ಎರಡು ಸಲ ಚಹಾ ತಂದುಕೊಟ್ಟರು.

ಇನ್ನೂ ಮೂರು ಪಟ್ಟಿ ಸಿಕ್ಕವು. ಎರಡರಲ್ಲಿ ರೈತರಿಗೆ ಕಡಿಮೆ ಹೋಗಿತ್ತು, ಒಂದರಲ್ಲಿ ಅರ್ಧ ಕಿಲೋದ ದುಡ್ಡು ಜಾಸ್ತಿ ಹೋಗಿತ್ತು. ಮೂರರಲ್ಲೂ ತಿದ್ದಿದ್ದು ಒಂದೇ ಚೀಲ, ಪಟ್ಟಿ ತೆಗೆಯುವ ಮುಂಚೆ ಕಡೆಗೆ ಮುಟ್ಟಿದ ಚೀಲ. ಜಾಸ್ತಿ ಹೋದದ್ದನ್ನು ಕೇಳುವುದು ಬೇಡ ಅಂದರು ಕಾಕಾ. ಉಳಿದ ಎರಡರ ಮೊತ್ತ ಲೆಕ್ಕ ಹಾಕಿ, ಎರಡು ಲಕೋಟೆಯಲ್ಲಿ ದುಡ್ಡು ಹಾಕಿ, ಮೇಲೆ ಊರು, ಲಾಟ್ ನಂಬರ್ ಬರೆದು ಗಲ್ಲೆಯಲ್ಲಿ ಇಟ್ಟರು.

ಗುರುವಾರ

ಬೆಳಗ್ಗೆ ಹುಡುಗನನ್ನು ಕೂರಿಸಿ, ಟ್ಯಾಬ್ ಒತ್ತು ಅಂತ ಹೇಳಲಿಲ್ಲ. ನಿನಗೆ ಹೆಂಗೆ ರೂಢಿಯೋ ಹಂಗೇ ಮಾಡು ಅಂದೆ. ಅವನು ತಿದ್ದಿದ, ಸೀದಾ ಮೌಸಿನಿಂದ ಪ್ರಿಂಟ್ ಒತ್ತಿದ. ಕಾಗದ ಬಂತು. ಪರದೆಯ ಪಕ್ಕ ಹಿಡಿದು ಇಬ್ಬರೂ ಸಾಲು ಸಾಲಾಗಿ ಓದಿದೆವು. ಬೇಕಂತಲೇ ಸೊನ್ನೆಯ ಜಾಗದಲ್ಲಿ ಓ ಹೊಡೆಯಿಸಿದೆ. ಪಟ್ಟಿ ಬರಲಿಲ್ಲ, ಕರ್ಸರ್ ಆ ಬಾಕ್ಸಿಗೆ ಹೋಗಿ ನಿಂತಿತು.

ಹನ್ನೊಂದರ ಹೊತ್ತಿಗೆ ಟೆಂಡರ್ ಕೆಲಸ ಜೋರಾಯಿತು. ಎರಡು ಲಕೋಟೆಯ ಪೈಕಿ ಒಬ್ಬರು ಅವತ್ತೇ ಮಾಲು ತಂದಿದ್ದರು. ಕಾಕಾ ಅವರನ್ನು ಗಲ್ಲೆ ಹತ್ತಿರ ಕರೆದು ಲಕೋಟೆ ಕೊಟ್ಟರು. ಅವರು ದುಡ್ಡು ಎಣಿಸುವ ಮೊದಲು ಕೇಳಿದ್ದು, "ಯಾವ ಚೀಲದ್ರೀ ಇದು?" ಅಂತ. ಪರದೆಯಲ್ಲಿ ಆ ಲಾಟ್ ತೆರೆದು, ಆರನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತೂಕ ಓದಿದರು, ಕೈಯಲ್ಲಿದ್ದ ಹಳೇ ಚೀಟಿ ಓದಿದರು. ಆಮೇಲೆ ದುಡ್ಡು ಎಣಿಸಿ ಜೇಬಿಗಿಟ್ಟು ಹೊಸ ಚೀಲಗಳನ್ನು ಕಾಟಾಕ್ಕೆ ತರಿಸಲು ಹೋದರು. ಇನ್ನೊಂದು ಲಕೋಟೆ ಗಲ್ಲೆಯಲ್ಲಿದೆ, ಸೋಮವಾರ ಬರುತ್ತೇವೆ ಅಂತ ಫೋನಿನಲ್ಲಿ ಹೇಳಿದ್ದಾರೆ.